ನಾಲ್ಕು ಪ್ರಶ್ನೆ ಕೇಳಿದೆ

ಬಕೆಟ್ಟಿನ ನೀರಿನ ಮೇಲೆ ಕಲ್ಲು ತೇಲುತ್ತಿತ್ತು. ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲೇ ಕಚ್ಚಿಕೊಂಡು ಅವನು ಅದನ್ನೇ ನೋಡುತ್ತ ನಿಂತ. ಹೆಂಡತಿ ಹಿಮ್ಮಡಿ ಉಜ್ಜಿಕೊಳ್ಳುವ ಕಲ್ಲು; ಬೂದಿ ಬಣ್ಣ, ಮೈತುಂಬ ತೂತು. ವರ್ಷಗಟ್ಟಲೆ ಬಚ್ಚಲಿನ ಮೂಲೆಯಲ್ಲಿ ಸೋಪಿನ ಪಕ್ಕ ಕೂತಿದ್ದದ್ದು ಇವತ್ತು ಯಾರ ಕೈ ತಗುಲಿಯೋ ಬಕೆಟ್ಟಿಗೆ ಬಿದ್ದಿತ್ತು. ಬೆರಳಿನಿಂದ ಒತ್ತಿ ಮುಳುಗಿಸಿದ. ಬೆರಳು ತೆಗೆದ ಕೂಡಲೇ ಮೇಲೆ ಬಂತು. ಇನ್ನೊಂದು ಸಲ ತಳ ಮುಟ್ಟುವವರೆಗೆ ಒತ್ತಿ ಹಿಡಿದು, ಮನಸ್ಸಿನಲ್ಲೇ ಹತ್ತು ಎಣಿಸಿ ಬಿಟ್ಟ. ಮತ್ತೆ ಬಂತು, ಈ ಸಲ ಸ್ವಲ್ಪ ಜೋರಾಗಿಯೇ. ಬ್ರಷ್ಷು ಬಾಯಿಂದ ಜಾರಿ ಬಕೆಟ್ಟಿಗೆ ಬಿತ್ತು. ಯಾಕೆಂದರೆ, ಕಲ್ಲು ನೀರಿನ ಮೇಲೆ ತೇಲುತ್ತದೆಯೇ ಎಂಬ ಪ್ರಶ್ನೆಗೆ ತೇಲುತ್ತದೆ ಎಂದು ಉತ್ತರ ಕೊಟ್ಟ ತಪ್ಪಿಗೆ ಅವನ ಮಾವ ಐಸಿಯುವಿನ ನಾಲ್ಕನೇ ಹಾಸಿಗೆಯಲ್ಲಿ ಎರಡೂ ಕೈ ಕಟ್ಟಿಸಿಕೊಂಡು ಮಲಗಿ ಇವತ್ತಿಗೆ ಮೂರು ದಿನವಾಗಿತ್ತು.

ಆ ಪ್ರಶ್ನೆಯನ್ನು ಬೇರೆ ಯಾರಾದರೂ ಬರೆದಿದ್ದರೆ ಅವರನ್ನು ಬೈದುಕೊಂಡು ಮುಖ ತೊಳೆಯಬಹುದಿತ್ತು. ಬರೆದವನು ಇವನೇ. ಐಸಿಯುವಿನ ಗುಣಮಟ್ಟ ಸುಧಾರಿಸುವ ಕೆಲಸವನ್ನು ಎರಡು ವರ್ಷದ ಹಿಂದೆ ಇವನ ಹೆಗಲಿಗೆ ಹೊರಿಸಿದಾಗ, ಬೇರೆಯವರಾಗಿದ್ದರೆ ಗೋಡೆಗೆ ನಾಲ್ಕು ಘೋಷಣೆ ಅಂಟಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಇವನು ನಿಜಕ್ಕೂ ಕೈ ತೊಳೆಯುವುದರಿಂದಲೇ ಶುರು ಮಾಡಿದ. ಹನ್ನೆರಡು ಸಾಲಿನ ಒಂದು ಪಟ್ಟಿ ಬರೆದ. ಪ್ರತಿದಿನ ಬೆಳಿಗ್ಗೆ ಪ್ರತಿ ಹಾಸಿಗೆಯ ಮುಂದೆ ನಿಂತು ಅದಕ್ಕೆ ಗುರುತು ಹಾಕಬೇಕು: ಕೈ ತೊಳೆದಿದೆ, ಹಾಸಿಗೆಯ ತಲೆಭಾಗ ಎತ್ತರಿಸಿದೆ, ಮಂಪರಿನ ಔಷಧಿ ಇಳಿಸಿದೆ, ಹೀಗೆ. ಆಸ್ಪತ್ರೆಯಲ್ಲಿ ಎಲ್ಲರೂ ಇವನನ್ನು ಪಟ್ಟಿ ಡಾಕ್ಟರು ಎಂದು ಕರೆಯತೊಡಗಿದರು. ರೋಗಿಗಳ ಕಡೆಯವರು ಅದನ್ನು ಕೇಳಿಸಿಕೊಂಡು, ಗಾಯಕ್ಕೆ ಪಟ್ಟಿ ಕಟ್ಟುವವನು ಇವನೇ ಇರಬೇಕೆಂದು ಕಾರಿಡಾರಿನಲ್ಲಿ ತಡೆದು ತಮ್ಮ ಮೊಣಕಾಲು ತೋರಿಸುತ್ತಿದ್ದರು. ಪಟ್ಟಿಯ ಒಂಬತ್ತನೇ ಸಾಲು ಇವನಿಗೆ ಎಲ್ಲಕ್ಕಿಂತ ಪ್ರೀತಿಯದು. ಗಂಟಲೊಳಗೆ ಉಸಿರಿನ ನಳಿಕೆ ಹಾಕಿಸಿಕೊಂಡು ವೆಂಟಿಲೇಟರಿನಲ್ಲಿ ಮಲಗಿದವರ ತಲೆ ನೆಟ್ಟಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಬಾಯಿ ಬಿಟ್ಟು ಹೇಳಲಾರರು. ಅದಕ್ಕೆ ಎಲ್ಲೋ ಓದಿದ್ದನ್ನು ತನ್ನ ಮಾತಿಗೆ ತಂದು ನಾಲ್ಕು ಪ್ರಶ್ನೆ ಮಾಡಿದ್ದ. ಸಿಸ್ಟರ್ ಕೈ ಹಿಡಿದು ಕೇಳಬೇಕು. ಹೌದಾದರೆ ರೋಗಿ ಆ ಕೈ ಅದುಮಬೇಕು, ಅಲ್ಲವಾದರೆ ಸುಮ್ಮನಿರಬೇಕು. ಎರಡು ಉತ್ತರ ತಪ್ಪಿದರೆ 'ಗೊಂದಲ' ಎಂದು ಬರೆಯುವುದು. ಗೊಂದಲವಿದ್ದವರು ನಳಿಕೆ ಕಿತ್ತುಕೊಂಡುಬಿಟ್ಟಾರೆಂದು ಕೈಗಳನ್ನು ಮೆತ್ತನೆಯ ಬಟ್ಟೆಯಿಂದ ಮಂಚಕ್ಕೆ ಕಟ್ಟುವುದು, ನಳಿಕೆ ತೆಗೆಯುವ ಮಾತನ್ನು ಮಾರನೇ ದಿನಕ್ಕೆ ಹಾಕುವುದು. ಇಷ್ಟೂ ಆದ ಮೇಲೆ ಸಾಲಿನ ಕೊನೆಯಲ್ಲಿ 'ನಾಲ್ಕು ಪ್ರಶ್ನೆ ಕೇಳಿದೆ' ಎಂಬುದರ ಎದುರು ಒಂದು ಗುರುತು.

ಮಾವ ಭೂಗೋಳದ ಮೇಷ್ಟ್ರು. ರಿಟೈರಾಗಿ ಮಗಳ ಮನೆಯ ಮುಂದಿನ ಕೋಣೆಯಲ್ಲಿ ಇದ್ದರೂ ಮೇಷ್ಟ್ರುತನ ರಿಟೈರಾಗಿರಲಿಲ್ಲ. ಅವರ ಬಾಯಿಯಿಂದ ಅಳಿಯ ಅತಿ ಹೆಚ್ಚು ಸಲ ಕೇಳಿದ ಮಾತೆಂದರೆ 'ತಪ್ಪು'. ಹೆಣ್ಣು ನೋಡಲು ಹೋದ ದಿನ, ಮುಂದೆ ಐಸಿಯು ಕೆಲಸವನ್ನೇ ಹಿಡಿಯಬೇಕೆಂದಿದ್ದೇನೆ ಎಂದು ವಿನಯದಿಂದ ಹೇಳಿಕೊಂಡಾಗ, ಅವರು ಎದುರಿನ ಗೋಡೆ ನೋಡುತ್ತ, "ತಪ್ಪು" ಎಂದಿದ್ದರು. ಆಮೇಲೆ ಹತ್ತೊಂಬತ್ತು ವರ್ಷ ಆ ಕೆಲಸ ಮಾಡುವಾಗಲೂ ಆಗಾಗ, ಯಾರಿಗೋ ಸೂಜಿ ಚುಚ್ಚುತ್ತಿರುವಾಗಲೋ ಊಟದ ಡಬ್ಬಿ ಬಿಚ್ಚುತ್ತಿರುವಾಗಲೋ, ಆ ಒಂದು ಮಾತು ತಲೆಯಲ್ಲಿ ಸುಳಿದು ಕೈ ತಡೆಯುತ್ತಿತ್ತು. ತನಗೆ ಮಗಳು ಹುಟ್ಟಿದಾಗ ಓಡಿಬಂದು, ಮೂರು ಕೇಜಿ ಇದ್ದಾಳೆ ಮಾವ ಎಂದ. ತಪ್ಪು ಎಂದರು. ಇವನು ತೆಪ್ಪಗೆ ವಾಪಸು ಹೋಗಿ ಕೂಸನ್ನು ಇನ್ನೊಂದು ಸಲ ತೂಗಿಸಿದ. ನೂರು ಗ್ರಾಂ ಕಡಿಮೆಯೇ ಇತ್ತು. ಅವತ್ತಿನಿಂದ ಇವನಿಗೆ ಅವರ ಬಗ್ಗೆ ಒಂದು ನಮೂನೆಯ ಭಯವೇ ಹುಟ್ಟಿತು. ಊಟದ ಟೇಬಲ್ಲಿನಲ್ಲಿ ಅವರ ಬಲಗಡೆ ಇವನ ಕುರ್ಚಿ. ಎರಡು ಮಾತಾಡುವುದು, ತಪ್ಪು ಎನ್ನಿಸಿಕೊಳ್ಳುವುದು, ಬಾಯಿಗೆ ಬೀಗ ಹಾಕಿಕೊಂಡು ತಟ್ಟೆ ನೋಡುವುದು. ಆಸ್ಪತ್ರೆಯಲ್ಲಿ ಐವತ್ತು ಜನರನ್ನು ನಡುಗಿಸುವವನು ಮನೆಯಲ್ಲಿ ನೀರು ಬೇಕಾದರೂ ಹೆಂಡತಿಗೆ ಸನ್ನೆ ಮಾಡುತ್ತಿದ್ದ.

ಹಾಗಾಗಿ ಮೂರು ದಿನದ ಹಿಂದೆ ದೊಡ್ಡ ಸಿಸ್ಟರ್ ಫೋನು ಮಾಡಿ, "ಡಾಕ್ಟ್ರೇ, ನಿಮ್ಮ ಮಾವನೋರಿಗೆ ಎರಡು ಉತ್ತರ ತಪ್ಪು ಬಂತು" ಎಂದು ಮೆಲ್ಲಗೆ ಹೇಳಿದಾಗ ಇವನಿಗೆ ಆದದ್ದೇನು? ಗಾಬರಿ ಆಗಬೇಕಿತ್ತು. ನ್ಯುಮೋನಿಯಾ ಆಗಿ ನಳಿಕೆ ಹಾಕಿಸಿಕೊಂಡ ಮುದುಕರು, ಸಂಕಟ ಆಗಬೇಕಿತ್ತು. ಆಗಲಿಲ್ಲ. ಆದದ್ದು ಖುಷಿ. ಸಣ್ಣದಲ್ಲ, ಹೊಟ್ಟೆಯ ತಳದಿಂದ ಬುಗ್ಗೆಯಾಗಿ ಎದ್ದ ಖುಷಿ. "ಎರಡು ತಪ್ಪಾ? ಸರಿಯಾಗಿ ನೋಡಿದ್ರಾ?" ಎಂದು ಕೇಳಿ, ಎರಡು ಎಂಬುದನ್ನು ಅವರ ಬಾಯಿಂದ ಇನ್ನೊಂದು ಸಲ ಹೇಳಿಸಿಕೊಂಡ. ಕಲ್ಲು ತೇಲುತ್ತದಂತೆ, ಸಮುದ್ರದಲ್ಲಿ ಮೀನು ಇರುವುದಿಲ್ಲವಂತೆ. ಒಂದು ಕೇಜಿ ಎರಡು ಕೇಜಿಗಿಂತ ಭಾರವಲ್ಲ, ಮೊಳೆ ಹೊಡೆಯಲು ಸುತ್ತಿಗೆ ಬಳಸುತ್ತಾರೆ, ಅವೆರಡು ಸರಿ. ಭೂಗೋಳದ ಮೇಷ್ಟ್ರಿಗೆ ಭೂಗೋಳದಲ್ಲೇ ಎರಡು ಸೊನ್ನೆ! ಅವತ್ತು ಮಧ್ಯಾಹ್ನ ಇವನು ಊಟದ ಡಬ್ಬಿಯನ್ನು ಒರೆಸಿಟ್ಟ ಹಾಗೆ ಖಾಲಿ ಮಾಡಿದ. ಮಾರನೇ ದಿನವೂ ಅದೇ ಎರಡು ತಪ್ಪು. ನಿನ್ನೆಯೂ ಅದೇ ಎರಡು. ಇವನು ಪ್ರತಿ ಸಂಜೆ ಮನೆಯವರಿಗೆ ಕೊಡುವ ಹತ್ತು ನಿಮಿಷದಲ್ಲಿ ಹಾಸಿಗೆಯ ಕಾಲ ಬಳಿ ಕೈ ಹಿಂದೆ ಕಟ್ಟಿ ನಿಂತು, ಮಾವನ ಮುಖ ಬಿಟ್ಟು ಮಿಕ್ಕಿದ್ದನ್ನೆಲ್ಲ ನೋಡಿ ಬರುತ್ತಿದ್ದ.

ಈಗ ಬಚ್ಚಲಲ್ಲಿ ನಿಂತು ಲೆಕ್ಕ ಹಾಕಿದರೆ, ಒಂದೇ ತಪ್ಪು ಮೂರು ದಿನ ಅದೇ ಜಾಗದಲ್ಲಿ ಬರುವುದು ಗೊಂದಲದ ಲಕ್ಷಣವೇ ಅಲ್ಲ. ತಲೆ ಕೆಟ್ಟವರ ಉತ್ತರ ದಿನಕ್ಕೊಂದು ಥರ ಇರುತ್ತದೆ. ಇದು ಎಂಬಿಬಿಎಸ್ ಮುಗಿಸಿದ ಹುಡುಗರಿಗೂ ಹೊಳೆಯುವ ವಿಷಯ. ಇವನಿಗೆ ಯಾಕೆ ಹೊಳೆಯಲಿಲ್ಲ ಎಂಬುದಕ್ಕೆ ಉತ್ತರ ಇವನ ಹೊಟ್ಟೆಯ ತಳದಲ್ಲಿತ್ತು.

"ರೀ, ಒಳಗೆ ನಿದ್ದೆ ಹೋದ್ರಾ?" ಹೆಂಡತಿ ಬಾಗಿಲು ಬಡಿದಳು. ಹುಟ್ಟಿನಿಂದಲೇ ದೊಡ್ಡ ಗಂಟಲು, ಡ್ರೈವಿಂಗ್ ಕಲಿಸುವುದು ಕೆಲಸ. ಹದಿನೈದು ವರ್ಷದಿಂದ ಪಕ್ಕದ ಸೀಟಿನಲ್ಲಿ ಕೂತು ಬ್ರೇಕ್, ಬ್ರೇಕ್ ಎಂದು ಕೂಗಿ ಕೂಗಿ ಅವಳಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು.

ಅವನು ಒದ್ದೆ ಕಲ್ಲನ್ನು ಹಿಡಿದುಕೊಂಡೇ ಹೊರಗೆ ಬಂದ. "ಇದು ತೇಲುತ್ತೆ ಕಣೇ."

"ತೇಲದೆ? ಜ್ವಾಲಾಮುಖಿ ಕಲ್ಲು ಅದು. ಒಳಗೆಲ್ಲ ಗಾಳಿ. ಅಪ್ಪ ನಂಗೆ ಆರನೇ ಕ್ಲಾಸಲ್ಲಿ ಹೇಳಿದ್ದು."

"ಹಾಗಾದ್ರೆ ಸಮುದ್ರದಲ್ಲಿ ಮೀನು?"

"ಯಾವ ಸಮುದ್ರದಲ್ಲಿ?" ಅವಳು ಕಾರಿನ ಕೀಲಿ ಕೈಗೆತ್ತಿಕೊಳ್ಳುತ್ತ ಕೇಳಿದಳು. "ಮೃತ ಸಮುದ್ರದಲ್ಲಿ ಒಂದು ಮೀನೂ ಇಲ್ಲ. ಉಪ್ಪು. ಅದನ್ನೂ ಅಪ್ಪನೇ..." ಎಂದವಳು ನಿಂತುಬಿಟ್ಟಳು. ಕೀಲಿ ಕೈಯಲ್ಲೇ ಉಳಿಯಿತು. "ಇದೇನಾ ನೀವು ಅಪ್ಪಂಗೆ ಕೇಳಿಸ್ತಿರೋ ಪ್ರಶ್ನೆ? ಇದಕ್ಕೇನಾ ಅಪ್ಪನ ಕೈ ಕಟ್ಟಿರೋದು?"

ಅವನು ಹೌದೆಂದು ತಲೆಯಾಡಿಸಿದ. ಕಲ್ಲಿನಿಂದ ನೀರು ಅಂಗಿಯ ತೋಳೊಳಗೆ ಇಳಿಯಿತು.

"ಮೂರು ದಿನದಿಂದ ದಿನಾ ಹೋಗಿ ನೋಡ್ಕೊಂಡು ಬಂದ್ರಲ್ಲ, ನಿಮಗೆ ಒಂದ್ಸಲಾನೂ ಅನುಮಾನ ಬರ್ಲಿಲ್ವಾ?"

"ಮನೆಯವರು ಚಿಕಿತ್ಸೆ ವಿಷಯದಲ್ಲಿ ಬಾಯಿ ಹಾಕಬಾರದು ಅಂತ ನಿಯಮ ಇದೆ."

"ಯಾರು ಮಾಡಿದ್ದು ಆ ನಿಯಮ?"

ಅದನ್ನೂ ಮಾಡಿದವನು ಇವನೇ, ಹನ್ನೊಂದನೇ ಸಾಲು. ಅವಳು ಅಳಲಿಲ್ಲ, ಕೂಗಲೂ ಇಲ್ಲ. ಮದುವೆಯಾದ ಮೇಲೆ ಮೊದಲ ಬಾರಿಗೆ ಮೆಲ್ಲಗೆ ಮಾತಾಡಿದಳು. "ನಾಳೆ ಗಂಟಲಲ್ಲಿ ತೂತು ಮಾಡ್ತಾರಂತೆ. ಹಿರಿಯ ಡಾಕ್ಟ್ರು ನಿನ್ನೆ ನನ್ನ ಕೈಲಿ ಸಹಿ ಹಾಕಿಸ್ಕೊಂಡ್ರು. ಅಷ್ಟರೊಳಗೆ ಏನಾದ್ರೂ ಮಾಡಿ." ಕೆಳಗೆ ಅವಳ ವಿದ್ಯಾರ್ಥಿ ಹಾರನ್ ಒತ್ತಿದ. ಅವಳು ಮೆಟ್ಟಿಲಿಳಿದು ಹೋದಳು, ಬಾಗಿಲನ್ನು ಹಾಗೇ ತೆರೆದಿಟ್ಟು.

ಬಸ್ಸಿನಲ್ಲಿ ಕೂತಾಗ ಅವನಿಗೆ ತೊಡೆ ತಣ್ಣಗಾಗಿ ಗೊತ್ತಾಯಿತು, ಕಲ್ಲು ಪ್ಯಾಂಟಿನ ಜೇಬಿನಲ್ಲೇ ಇದೆ. ಎದುರು ನಿಂತಿದ್ದ ಹೆಂಗಸೊಬ್ಬಳು ಅವನ ಪ್ಯಾಂಟಿನ ಒದ್ದೆಯನ್ನು ಕಂಡು ಮುಖ ತಿರುಗಿಸಿದಳು. ವಿವರಿಸಿ ಹೇಳೋಣವೆನ್ನಿಸಿತು. ಅಮ್ಮಾ, ಇದು ನೀವಂದುಕೊಂಡದ್ದಲ್ಲ, ಇದು ಕಲ್ಲು, ಇದು ನನ್ನ ಮಾವನ ಬುದ್ಧಿ ನೆಟ್ಟಗಿದೆ ಎಂಬುದಕ್ಕೆ ಸಾಕ್ಷಿ. ಹಾಗೆ ಹೇಳಿದರೆ ತನ್ನ ಬುದ್ಧಿಯ ಬಗ್ಗೆ ಬಸ್ಸಿನವರು ಏನೆಂದುಕೊಂಡಾರೆಂದು ಯೋಚಿಸಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡ. ಇವತ್ತೇ ಹನ್ನೊಂದು ಗಂಟೆಗೆ ಪರಿಶೀಲನೆಯ ಮೇಡಂ ಬರುವವರಿದ್ದರು. ಇವನ ಪಟ್ಟಿ ಚೆನ್ನಾಗಿದೆಯೆಂದು ಅವರು ಬರೆದರೆ ಅದು ಇನ್ನೂ ಹತ್ತು ಆಸ್ಪತ್ರೆಗೆ ಹೋಗುತ್ತಿತ್ತು. ಹತ್ತು ಆಸ್ಪತ್ರೆಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಹತ್ತು ಸಿಸ್ಟರುಗಳು ತನ್ನ ಮಾತಿನಲ್ಲಿ ಕಲ್ಲು ತೇಲುತ್ತಾ ಎಂದು ಕೇಳುವುದನ್ನು ಅವನು ಎಷ್ಟೋ ಸಲ ಕಣ್ಣು ಮುಚ್ಚಿ ಕಂಡು ಸುಖಪಟ್ಟಿದ್ದ. ಈಗ ಕಣ್ಣು ಮುಚ್ಚಿದರೆ ಆ ಹತ್ತು ಆಸ್ಪತ್ರೆಯ ನಾಲ್ಕನೇ ಹಾಸಿಗೆಗಳಲ್ಲೂ ಒಬ್ಬೊಬ್ಬ ಮೇಷ್ಟ್ರು ಕೈ ಕಟ್ಟಿಸಿಕೊಂಡು ಮಲಗಿ ಇವನನ್ನೇ ದಿಟ್ಟಿಸುತ್ತಿದ್ದರು. ಇಳಿಯುವ ಸ್ಟಾಪು ದಾಟಿಹೋಯಿತು.

ಐಸಿಯುವಿನ ಬಾಗಿಲಲ್ಲಿ ದೊಡ್ಡ ಸಿಸ್ಟರ್ ನಿಂತಿದ್ದರು. ಇವನ ಪಟ್ಟಿಯನ್ನು ಇವನಿಗಿಂತ ಹೆಚ್ಚು ನಂಬಿದವರು ಅವರು. ಒಂದನೇ ಸಾಲನ್ನು ಇವನೇ ಮರೆತು ಒಳಗೆ ಕಾಲಿಟ್ಟ ಒಂದು ದಿನ, ಎಲ್ಲರೆದುರಿಗೆ ಅವನ ಭುಜ ಹಿಡಿದು ಸಿಂಕಿನ ಕಡೆ ತಿರುಗಿಸಿ ನಿಲ್ಲಿಸಿದ್ದರು. ಕೈ ತೊಳೆದ. ಅವರು ನೋಡುತ್ತಿದ್ದರೆಂದು ಬೆರಳಿನ ಸಂದುಗಳನ್ನೂ ತೊಳೆದ. ಒಳಗೆ ಯಂತ್ರಗಳು ಒಂದಕ್ಕೊಂದು ಜಗಳಕ್ಕೆ ನಿಂತಂತೆ ಪೀಂಗುಡುತ್ತಿದ್ದವು. ಐದು ಹಾಸಿಗೆ, ಐದು ಥರದ ಉಸಿರು. ನಾಲ್ಕನೆಯದರಲ್ಲಿ ಮಾವ. ಬಾಯಿಯ ಮೂಲೆಯಲ್ಲಿ ಅಂಟುಪಟ್ಟಿ ಹಾಕಿ ನಿಲ್ಲಿಸಿದ ನಳಿಕೆ, ಎಡಗಡೆ ದೊಡ್ಡ ವೆಂಟಿಲೇಟರು, ಮೂರು ದಿನದ ಬಿಳಿ ಗಡ್ಡ. ಕಣ್ಣು ತೆರೆದಿತ್ತು. ಇವನನ್ನು ಕಂಡದ್ದೇ, ಪರೀಕ್ಷೆಯ ಹಾಲಿನಲ್ಲಿ ಓಡಾಡುವ ಮೇಷ್ಟ್ರ ಹಾಗೆ, ಆ ಕಣ್ಣು ಇವನ ಮುಖದಿಂದ ಇಳಿದು ಪ್ಯಾಂಟಿನ ಒದ್ದೆಯ ಮೇಲೆ ನಿಂತಿತು.

ಪರಿಶೀಲನೆಯ ಮೇಡಂ ಹನ್ನೊಂದಕ್ಕೆ ಸರಿಯಾಗಿ ಬಂದರು. ಸಣ್ಣಗೆ, ಒಣಗಿ, ಮೂಗಿನ ತುದಿಗೆ ಕನ್ನಡಕ. ಮಾತು ಕಡಿಮೆ, ಬರೆಯುವುದು ಜಾಸ್ತಿ. ಮಾವನಿಗೆ ಚಿಕಿತ್ಸೆ ಕೊಡುತ್ತಿದ್ದ ಹಿರಿಯ ಡಾಕ್ಟರು ಅವರ ಹಿಂದೆ ಆಕಳಿಸುತ್ತ ಬಂದರು. ಮೊದಲ ಮೂರು ಹಾಸಿಗೆಗಳು ಸರಾಗವಾಗಿ ಕಳೆದವು. ಮೇಡಂ ಎರಡು ಸಲ "ಚೆನ್ನಾಗಿದೆ" ಎಂದರು. ಎರಡು ಸಲವೂ ಇವನ ಬೆನ್ನು ತಾನಾಗಿ ನೆಟ್ಟಗಾಯಿತು. ಸುಮ್ಮನಿದ್ದುಬಿಡೋಣವೇ? ಅವರು ಹೋದ ಮೇಲೆ ಹಿರಿಯ ಡಾಕ್ಟರ ಕಿವಿಯಲ್ಲಿ ಹೇಳಿದರಾಯಿತು. ಪಟ್ಟಿಗೂ ಕುಂದಿಲ್ಲ, ಮಾವನಿಗೂ ಕುಂದಿಲ್ಲ, ಬರೀ ಅರ್ಧ ಗಂಟೆಯ ವ್ಯತ್ಯಾಸ. ಎಂಥ ಸೊಗಸಾದ ಯೋಚನೆ! ಎಷ್ಟು ಸೊಗಸೆಂದರೆ ಮೂರು ದಿನದ ಖುಷಿಯ ವಾಸನೆಯೇ ಅದರಲ್ಲೂ ಹೊಡೆಯುತ್ತಿತ್ತು.

ದೊಡ್ಡ ಸಿಸ್ಟರ್ ನಾಲ್ಕನೇ ಹಾಸಿಗೆಯ ಬಲಗಡೆ ನಿಂತು, ಮಾಸ್ಕನ್ನು ಸರಿಮಾಡಿಕೊಂಡು, ಕಟ್ಟು ಸಡಿಲಿಸಿ ಮಾವನ ಕೈಯನ್ನು ಕೈಯಲ್ಲಿ ತೆಗೆದುಕೊಂಡರು. "ಕಲ್ಲು ನೀರಿನ ಮೇಲೆ ತೇಲುತ್ತಾ?"

ಮಾವ ಕೈ ಅದುಮಿದರು.

"ಸಮುದ್ರದಲ್ಲಿ ಮೀನು ಇರುತ್ತಾ?"

ಸುಮ್ಮನಿದ್ದರು.

"ಒಂದು ಕೇಜಿ ಎರಡು ಕೇಜಿಗಿಂತ ಭಾರಾನಾ?"

ಸುಮ್ಮನೆ.

"ಮೊಳೆ ಹೊಡೆಯೋಕೆ ಸುತ್ತಿಗೆ ಬಳಸ್ತಾರಾ?"

ಅದುಮಿದರು. ಸಿಸ್ಟರ್ ನಿಟ್ಟುಸಿರು ಬಿಟ್ಟು, "ಇವತ್ತೂ ಎರಡು ತಪ್ಪು. ಗೊಂದಲ" ಎಂದು ಬರೆದು ಗುರುತು ಹಾಕಿದರು. ಹಿರಿಯ ಡಾಕ್ಟರು ಮೇಡಂ ಕಡೆ ತಿರುಗಿ, ಜ್ವರ ಬಿಟ್ಟಿದೆ, ಎದೆ ತಿಳಿಯಾಗಿದೆ, ಆದರೆ ತಲೆ ಸರಿ ಇಲ್ಲದ್ದರಿಂದ ನಳಿಕೆ ತೆಗೆಯುವ ಧೈರ್ಯವಿಲ್ಲ, ನಾಳೆ ಗಂಟಲಲ್ಲಿ ಉಸಿರಿಗೆ ದಾರಿ ಮಾಡುತ್ತೇವೆ ಎಂದರು. ಮೇಡಂ "ಚೆನ್ನಾಗಿದೆ" ಎಂದು ಬರೆಯತೊಡಗಿದರು.

"ಚೆನ್ನಾಗಿಲ್ಲ," ಎಂದಿತು ಯಾವುದೋ ಧ್ವನಿ. ತನ್ನದೇ ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಎಲ್ಲರೂ ಇವನನ್ನೇ ನೋಡುತ್ತಿದ್ದರು. ಜೇಬಿಗೆ ಕೈ ಹಾಕಿದ. ಕಲ್ಲು ಜೇಬಿನ ಬಟ್ಟೆಗೆ ಕಚ್ಚಿಕೊಂಡಿತ್ತು; ಎಳೆದರೆ ಜೇಬೇ ಹೊರಗೆ ಬಂತು. ಇನ್ನೊಂದು ಸಲ ಎಳೆದ. ಕೊನೆಗೆ ಜೇಬಿನಿಂದ ಬಿಡಿಸಿಕೊಂಡ ಕಲ್ಲನ್ನು ಟ್ರೇಯ ಮೇಲಿದ್ದ ಸ್ಟೀಲ್ ಬಟ್ಟಲಿನಲ್ಲಿ ಹಾಕಿ, ಪಕ್ಕದಲ್ಲಿದ್ದ ನೀರಿನ ಬಾಟಲಿಯನ್ನು ಪೂರ್ತಿ ಅದರ ಮೇಲೆ ಸುರಿದ. ಕಲ್ಲು ಒಂದು ಸುತ್ತು ತಿರುಗಿ ಮೇಲೆದ್ದು ತೇಲಿತು. ಅದರ ತೂತುಗಳಿಂದ ಎಷ್ಟು ವರ್ಷದ್ದೋ ಸೋಪಿನ ನೊರೆ ಬಂತು.

ಹಿರಿಯ ಡಾಕ್ಟರು ಆಕಳಿಕೆಯನ್ನು ಅರ್ಧಕ್ಕೇ ನಿಲ್ಲಿಸಿ ಬಟ್ಟಲಿಗೆ ಬಗ್ಗಿದರು.

"ಡಾಕ್ಟ್ರೇ," ದೊಡ್ಡ ಸಿಸ್ಟರ್ ಹಲ್ಲು ಕಚ್ಚಿ ಕೇಳಿದರು, "ಇದು ಎಲ್ಲಿಂದ ಬಂತು?"

"ಬಚ್ಚಲಿಂದ."

"ಹೊರಗಿನ ವಸ್ತು ಒಳಗೆ ತರಬಾರದು ಅಂತ ಆರನೇ ಸಾಲು!"

"ಗೊತ್ತು ಸಿಸ್ಟರ್. ಬರೆದೋನು ನಾನೇ." ಅವನು ಬಟ್ಟಲನ್ನು ಮೇಡಂ ಕಡೆ ತಳ್ಳಿದ. "ಕಲ್ಲು ತೇಲುತ್ತೆ. ಮೃತ ಸಮುದ್ರದಲ್ಲಿ ಮೀನಿಲ್ಲ. ಇವರು ಭೂಗೋಳದ ಮೇಷ್ಟ್ರು, ಇಷ್ಟು ಗೊತ್ತಿರೋದು ಇಡೀ ಆಸ್ಪತ್ರೆಯಲ್ಲಿ ಇವರೊಬ್ಬರಿಗೇ. ಇವರ ತಲೆ ನೆಟ್ಟಗಿದೆ. ಉತ್ತರ ಸರಿ ಇದೆ, ನನ್ನ ಪ್ರಶ್ನೆ ತಪ್ಪು."

ಹತ್ತೊಂಬತ್ತು ವರ್ಷದಲ್ಲಿ ತಪ್ಪು ಎಂಬ ಮಾತನ್ನು ಮಾವನ ಎದುರು ಇವನೇ ಹೇಳಿದ್ದು ಇದೇ ಮೊದಲು. ಮಾವ ಬಟ್ಟಲನ್ನೂ ಅಳಿಯನನ್ನೂ ಸರದಿಯಂತೆ ನೋಡುತ್ತಿದ್ದರು. ಮೇಡಂ ಕನ್ನಡಕ ಮೇಲೇರಿಸಿ, "ಈ ಕಲ್ಲಿನ ಪರೀಕ್ಷೆ ಪಟ್ಟಿಯ ಎಷ್ಟನೇ ಸಾಲಲ್ಲಿ ಬರುತ್ತೆ?" ಎಂದು ಕೇಳಿದರು. ಹಿರಿಯ ಡಾಕ್ಟರಿಗೆ ನಗು ಬಂದು ಅದು ಆಕಳಿಕೆಯಾಗಿ ಹೊರಬಿತ್ತು. ಅವರು ವೆಂಟಿಲೇಟರಿನ ಅಂಕಿಗಳನ್ನು ಹತ್ತಿರದಿಂದ ನೋಡಿದರು, ಮಾವನ ಎದೆಗೆ ಸ್ಟೆತಸ್ಕೋಪ್ ಇಟ್ಟರು, ಕೊನೆಗೆ "ನಿನ್ನ ಕಲ್ಲನ್ನ ನಂಬಿಕೊಂಡು ಅಲ್ಲಯ್ಯಾ, ಇವರ ಶ್ವಾಸಕೋಶ ನಂಬಿಕೊಂಡು ಒಂದು ಪ್ರಯತ್ನ ಮಾಡೋಣ. ನೀನು ಮನೆಯವನು, ಹೊರಗೆ ಕೂತ್ಕೋ. ಆ ಬಟ್ಟಲು ತಗೊಂಡು ಹೋಗು" ಎಂದರು.

ಬಟ್ಟಲು ಹಿಡಿದುಕೊಂಡು ಅವನು ಹೊರಗಿನ ಕಬ್ಬಿಣದ ಕುರ್ಚಿಯಲ್ಲಿ ಕೂತ. ಈ ಕುರ್ಚಿಗಳನ್ನು ದಿನಕ್ಕೆ ಇಪ್ಪತ್ತು ಸಲ ದಾಟಿ ಓಡಾಡಿದ್ದರೂ ಕೂತದ್ದಿಲ್ಲ. ಒಂದರ ಕಾಲು ಗಿಡ್ಡವಿತ್ತು. ಅದೇ ಇವನಿಗೆ ಸಿಕ್ಕಿತ್ತು. ಬಾಗಿಲಿನ ಗಾಜಿನಲ್ಲಿ ಬೆನ್ನುಗಳು ಮಾತ್ರ ಕಾಣುತ್ತಿದ್ದವು. ಪ್ರತಿ ಸಲ ಬಾಗಿಲು ತೆರೆದಾಗ ಕೂತವರೆಲ್ಲ ಒಟ್ಟಿಗೆ ತಲೆಯೆತ್ತುತ್ತಿದ್ದರು, ಒಟ್ಟಿಗೆ ಇಳಿಸುತ್ತಿದ್ದರು. ಇವನೂ ಅವರೊಂದಿಗೆ ಎತ್ತಿದ, ಇಳಿಸಿದ. ಒಳಗೆ ಮಾವ ಸ್ವಂತ ಬಲದ ಮೇಲೆ ಉಸಿರೆಳೆಯುತ್ತಿರಬೇಕು. ನಳಿಕೆ ತೆಗೆದ ಮೇಲೆ ಉಸಿರು ನಿಲ್ಲದಿದ್ದರೆ ಸಾಕು. ನಿಂತರೆ? ಕಲ್ಲು ತೋರಿಸಿ ಮಾವನನ್ನು ಕೊಂದ ಅಳಿಯ! ದೇವರೇ ಎನ್ನಲು ಹೋಗಿ, ಎಷ್ಟನೇ ಸಾಲು ಎಂದು ದೇವರೂ ಕೇಳಿಬಿಟ್ಟರೆ ಎಂದು ಹೆದರಿಕೆಯಾಯಿತು. ಪಕ್ಕದ ಅಜ್ಜಿ ಬಟ್ಟಲಿಗೆ ಇಣುಕಿ, "ಇದು ಯಾರ ಹೊಟ್ಟೆಯಿಂದ ತೆಗೆದ ಕಲ್ಲಪ್ಪಾ?" ಎಂದು ಮರುಕದಿಂದ ಕೇಳಿದಳು. ಅವನು, "ನಂದೇ ಅಜ್ಜಿ" ಎಂದ. ಯಾಕೆ ಹಾಗಂದೆನೆಂದು ಅವನಿಗೇ ತಿಳಿಯಲಿಲ್ಲ.

ಒಂದೂವರೆ ಗಂಟೆಯ ಮೇಲೆ ದೊಡ್ಡ ಸಿಸ್ಟರ್ ಬಾಗಿಲು ತೆರೆದು, "ಬನ್ನಿ. ತೆಗೆದಾಯ್ತು. ಚೆನ್ನಾಗಿ ಕೆಮ್ಮಿದ್ರು" ಎಂದರು. ಅವನು ಎದ್ದು, ಪುನಃ ಕೂತು, ಮತ್ತೆ ಎದ್ದ. ಒಳಗೆ ಮಾವ ಒರಗಿ ಕೂತಿದ್ದರು. ಮುಖಕ್ಕೆ ಆಕ್ಸಿಜನ್ ಮಾಸ್ಕು, ಕೈಗೆ ಕಟ್ಟಿಲ್ಲ. ಎರಡು ಮಣಿಕಟ್ಟುಗಳಲ್ಲೂ ಬಟ್ಟೆಯ ಗುರುತು ಕೆಂಪಗೆ ಉಳಿದಿತ್ತು. ಅವನು ಅದರಿಂದ ಕಣ್ಣು ತಿರುಗಿಸಿದ. ಅಭ್ಯಾಸಬಲದಿಂದ ಬಲಗಡೆ ಹೋಗಿ ನಿಂತು, ತನ್ನ ಗೆಲುವನ್ನು ಅವರೊಂದಿಗೆ ಹಂಚಿಕೊಳ್ಳುವ ಆಸೆಯಿಂದ ಬಾಗಿ ಹೇಳಿದ. "ಮಾವ, ಜ್ವಾಲಾಮುಖಿ ಕಲ್ಲು ತಾನೇ? ನಾನು ಕಂಡುಹಿಡಿದೆ."

"ತಪ್ಪು," ಎಂದರು ಮಾವ. ಧ್ವನಿ ಒಡೆದು ಗೊರಗೊರ ಎನ್ನುತ್ತಿತ್ತು.

ಅವನು ಎಂದಿನಂತೆ ಬಾಯಿ ಮುಚ್ಚಿಕೊಂಡು ಹಾಸಿಗೆಯ ಅಂಚು ನೋಡತೊಡಗಿದ. ಮಾವ ಕಾದರು. ಆಮೇಲೆ ಸಿಟ್ಟಿನಿಂದ ಮಾಸ್ಕನ್ನು ಎತ್ತಿ, ಎಡಗಡೆಯ ಹಾಸಿಗೆಯಂಚನ್ನು ತಟ್ಟಿದರು. "ಈ ಕಡೆ ಬಾ. ಆ ಕಿವಿ ಕೇಳ್ಸಲ್ಲ."

ಅವನು ಹಾಸಿಗೆ ಸುತ್ತಿ ಎಡಗಡೆಗೆ ಬಂದ. ಅಲ್ಲಿದ್ದ ಯಂತ್ರವನ್ನು ಆಗಲೇ ತಳ್ಳಿ ದೂರ ಇಟ್ಟಿದ್ದರು. "ಯಾವಾಗಿನಿಂದ ಮಾವ?"

"ಮೂವತ್ತು ವರ್ಷ ಆಯ್ತು. ಮಗಳಿಗೆ ಹೇಳ್ಬೇಡ. ಅವಳದ್ದು ಬೀದಿಗೆಲ್ಲ ಕೇಳೋ ಗಂಟಲು, ಅವಳಿಗೆ ಗೊತ್ತಾಗಿಲ್ಲ." ಅಷ್ಟಕ್ಕೇ ದಣಿದು ನಾಲ್ಕು ಉಸಿರು ಎಳೆದುಕೊಂಡರು. "ಮಿಕ್ಕೋರ ತುಟಿ ನೋಡಿ ತಿಳ್ಕೊಳ್ತೀನಿ. ಇಲ್ಲಿ ಎಲ್ಲರೂ ಬಾಯಿಗೆ ಬಟ್ಟೆ ಕಟ್ಕೊಂಡಿದೀರಿ. ಒಳ್ಳೇ ಕಿವಿ ಪಕ್ಕ ಆ ದರಿದ್ರ ಮಿಷನ್ನು."

"ಹಾಗಾದ್ರೆ ಸಿಸ್ಟರ್ ಕೇಳಿದ ಪ್ರಶ್ನೆ..."

"ಪ್ರಶ್ನೆನಾ?" ಮಾವ ನಿಜಕ್ಕೂ ಆಶ್ಚರ್ಯಪಟ್ಟರು. "ಆ ಯಮ್ಮ ದಿನಾ ಬಂದು ಕೈ ಹಿಡ್ಕೊಳ್ತಿದ್ರು. ಹಿಡಿದಾಗ ಒಂದ್ಸಲ ಅದುಮ್ತಿದ್ದೆ. ಬಿಟ್ಟು ಹೊರಟಾಗ ಒಂದ್ಸಲ. ಮರ್ಯಾದೆ ಬೇಡ್ವೇನಯ್ಯಾ?"

ಅದುಮು, ಸುಮ್ಮನೆ, ಸುಮ್ಮನೆ, ಅದುಮು. ಜ್ವಾಲಾಮುಖಿಯೂ ಇಲ್ಲ, ಮೃತ ಸಮುದ್ರವೂ ಇಲ್ಲ. ಅಷ್ಟು ಜನರೆದುರು ಅಷ್ಟು ಧೈರ್ಯದಿಂದ ಹೇಳಿದ್ದೆಲ್ಲ ಶುದ್ಧ ಕಟ್ಟುಕಥೆ. ಕಾಲ ಬಳಿ ನಿಂತು ಬರೆಯುತ್ತಿದ್ದ ದೊಡ್ಡ ಸಿಸ್ಟರ ಪೆನ್ನು ನಿಂತಿತು. 'ನಾಲ್ಕು ಪ್ರಶ್ನೆ ಕೇಳಿದೆ' ಎಂಬಲ್ಲಿ ದಿನಾ ಗುರುತು ಹಾಕಿದ ಅವರು ಆ ಮಾತನ್ನು ಹೊಸದಾಗಿ ಓದುವಂತೆ ಕಾಗದ ನೋಡಿದರು. ಕೇಳಿದವರು ಕೇಳಿದ್ದರು, ಕೇಳಬೇಕಾದವರಿಗೆ ಕೇಳಿರಲಿಲ್ಲ. ಇಡೀ ಪಟ್ಟಿಯಲ್ಲಿ ಇದಕ್ಕೊಂದು ಸಾಲಿರಲಿಲ್ಲ.

"ಮತ್ತೆ, ನೀವು ಯಾವಾಗ್ಲೂ ನನಗೆ ತಪ್ಪು ಅಂತಿದ್ರಲ್ಲ ಮಾವ?"

"ಮೇಷ್ಟ್ರು ಏನು, ಏನು ಅಂತ ಕೇಳಿದ್ರೆ ಮಕ್ಕಳು ಕಿವುಡ ಅಂತ ಆಡ್ಕೊಳ್ತಾರೆ. ತಪ್ಪು ಅಂದ್ರೆ ಬೆದರಿ ಇನ್ನೊಂದ್ಸಲ ಜೋರಾಗಿ ಹೇಳ್ತಾರೆ. ಕ್ಲಾಸಲ್ಲಿ ಎಲ್ಲರೂ ಹೇಳ್ತಿದ್ರು." ಮಾವ ಅವನನ್ನು ನೆಟ್ಟ ನೋಟದಿಂದ ನೋಡಿದರು. "ನೀನೊಬ್ಬ ಮಾತ್ರ ತಪ್ಪು ಅಂದ ತಕ್ಷಣ ಸುಮ್ಮನಾಗಿಬಿಡ್ತಿದ್ದೆ. ನೀನು ಇಷ್ಟು ವರ್ಷ ಏನೇನು ಹೇಳ್ದೆ ಅಂತ ನಂಗೆ ಗೊತ್ತೇ ಆಗ್ಲಿಲ್ಲ."

ಹೆಣ್ಣು ನೋಡಿದ ದಿನದ ಗೋಡೆ, ತೂಗಿಸಿದ ಕೂಸು, ಟೇಬಲ್ಲಿನ ಬಲಗಡೆಯ ಕುರ್ಚಿ, ಎಲ್ಲ ಒಟ್ಟಿಗೆ ಬಂದು ಅವನ ಎದೆ ಮೇಲೆ ಕೂತವು. ಎಷ್ಟು ದೊಡ್ಡ ಅವಮಾನವನ್ನು ಎಷ್ಟು ಜೋಪಾನವಾಗಿ ಸಾಕಿದ್ದ! ಅದರ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಆದರೆ ಮೂರು ದಿನದ ಖುಷಿ ಮಾತ್ರ ಕಟ್ಟುಕಥೆಯಲ್ಲ. ಅದು ನಿಜ, ಆ ಕೆಂಪು ಮಣಿಕಟ್ಟುಗಳಷ್ಟೇ ನಿಜ. ಹೇಳದೆ ಇರಬಹುದಿತ್ತು, ಯಾರಿಗೂ ಗೊತ್ತಿರಲಿಲ್ಲ. ಹೇಳಬೇಕೆನ್ನಿಸಿತು. ಅವನು ಯಾವ ಸದ್ದೂ ಮಾಡದೆ ಹಾಸಿಗೆ ಸುತ್ತಿ ಬಲಗಡೆಗೆ ಹೋದ. ಇಲ್ಲಿಂದ ಹೇಳಿದರೆ ಹೇಳಿದಂತೆಯೂ ಆಗುತ್ತದೆ, ಅವರಿಗೆ ಕೇಳಿಸುವುದೂ ಇಲ್ಲ. ಬಾಗಿ ಆ ಕೇಳದ ಕಿವಿಯ ಹತ್ತಿರ ಪಿಸುಗುಟ್ಟಿದ. "ನಿಮ್ಮ ಉತ್ತರ ತಪ್ಪಾಯ್ತು ಅಂತ ನಾನು ಖುಷಿಪಟ್ಟೆ ಮಾವ."

"ತಪ್ಪು," ಎಂದರು ಮಾವ.

ಅವನು ನಿಂತೇ ಇದ್ದ. ಮಾವ ತಲೆ ತಿರುಗಿಸದೆ ಕಾಯುತ್ತಿದ್ದರು. ಎರಡನೇ ಸಲ ಹೇಳಲೇಬೇಕು, ಜೋರಾಗಿ ಹೇಳಬೇಕು. ಅಷ್ಟು ಈಗ ಇವನಿಗೆ ಗೊತ್ತಿತ್ತು. ದೊಡ್ಡ ಸಿಸ್ಟರ್ ಇಲ್ಲೇ ಇದ್ದರು. ಬಾಗಿಲ ಬಳಿ ಮೇಡಂ ಕಡತ ಮುಚ್ಚುತ್ತಿದ್ದರು. ಐದು ಹಾಸಿಗೆಯಲ್ಲಿ ಎಚ್ಚರವಿದ್ದವರು ಮೂವರು. ಅವನು ಕಣ್ಣು ಮುಚ್ಚಿಕೊಂಡು ಹೆಂಡತಿ ಬ್ರೇಕ್ ಎಂದು ಕೂಗುವ ಹಾಗೆ ಕೂಗಿದ:

"ನೀವು ತಪ್ಪು ಉತ್ತರ ಕೊಟ್ರಿ ಅಂತ ನಂಗೆ ಖುಷಿಯಾಗಿತ್ತು ಮಾವ! ಮೂರು ದಿನ! ಅದಕ್ಕೇ ನಾನು ನಿಮ್ಮ ಮುಖ ನೋಡ್ಲಿಲ್ಲ! ನಿಮ್ಮ ಕೈ ಕಟ್ಟಿಸಿದ್ದು ನಾನು!"

ಎಲ್ಲಿಯೋ ಒಂದು ಯಂತ್ರ ಬೆದರಿ ಪೀಂಗುಟ್ಟಿತು. ಮೇಡಂ ಕಡತವನ್ನು ಮತ್ತೆ ತೆರೆದರು. ಮಾಸ್ಕಿನೊಳಗೆ ಉಸಿರು ಮಂಜಾಗಿ ಕೂತು ಕರಗುತ್ತಿತ್ತು. ಮಾವ ಮಾಸ್ಕನ್ನು ಮೆಲ್ಲಗೆ ಎತ್ತಿ, ಇವನ ಕಡೆ ತಿರುಗಿ ಕೇಳಿದರು.

"ಹತ್ತೊಂಬತ್ತು ವರ್ಷದ ತಪ್ಪಿಗೆ ಮೂರೇ ದಿನಾನಾ?"